ಉಬ್ಬಿದ ರಬ್ಬರು

ಕ್ಲಚ್ ಪೆಡಲ್ ಸತ್ತ ಇಲಿಯನ್ನು ತುಳಿದಂತೆ ಮೆತ್ತಗೆ ಕೆಳಗಿಳಿದು ನೆಲ ಮುಟ್ಟಿತು. ಬಕ್ಕೇಶ್ ಕಾಲು ತೆಗೆದು ಮತ್ತೆ ಒತ್ತಿದ. ಮತ್ತೆ ಹಾಗೆಯೇ. ಬಿಡದೆ ನಾಲ್ಕಾರು ಸಲ ತುಳಿದ ಮೇಲೆ ಪೆಡಲ್‌ಗೆ ಒಂದಿಷ್ಟು ಜೀವ ಬಂತು.

"ನೋಡಿದ್ರೇನು? ರಿವರ್ಸ್ ಹಾಕಿದ್ರೆ ಕರಕರ ಹಲ್ಲು ಕಡೀತೈತೆ," ಎಂದು ಸುಮೋದ ಕಿಟಕಿಗೆ ಒರಗಿ ನಿಂತಿದ್ದ ಚಾಂದ್ ಪಾಷಾ ಹೇಳಿದ. "ಬೆಳಿಗ್ಗೆ ಸ್ಕೂಲ್ ಗೇಟ್ ಮುಂದ ಗಾಡಿ ನಿಂತ್ಬಿಡ್ತು. ಹುಡುಗ್ರನ್ನೆಲ್ಲ ಇಳಿಸಿ ನಡೆಸ್ಕಂಡು ಹೋದೆ."

ಕೆ.ಬಿ. ಬಡಾವಣೆಯ ಮಕ್ಕಳನ್ನು ಶಾಲೆಗೆ ಬಿಡುವ ಗಾಡಿ ಅದು. ಕಳೆದ ತಿಂಗಳಷ್ಟೇ ಕ್ಲಚ್ಚಿನ ರಬ್ಬರುಗಳನ್ನು ಹೊಸದಾಗಿ ಹಾಕಿ, ಕ್ಲಚ್ಚಿಗೂ ಬ್ರೇಕಿಗೂ ಒಂದೇ ಬಾಟಲಿಯ ಹೊಸ ಬ್ರೇಕ್ ಆಯಿಲ್ ತುಂಬಿ ಕೊಟ್ಟಿದ್ದವನು ಬಕ್ಕೇಶನೇ. ಅದಕ್ಕೇ ಅವನಿಗೆ ಹೆಚ್ಚು ಕಸಿವಿಸಿ. ಬಾನೆಟ್ ಎತ್ತಿ ನೋಡಿದರೆ ಆಯಿಲ್ ಡಬ್ಬಿ ತುಂಬಿಯೇ ಇತ್ತು. ಮ್ಯಾಟ್ ಎತ್ತಿದರೆ ಪೆಡಲ್ ಹಿಂದೆ ಒಣಗಿತ್ತು. ಕೆಳಗೆ ನುಗ್ಗಿ ಗೇರ್ ಬಾಕ್ಸಿನ ಪಕ್ಕದ ಸಿಲಿಂಡರನ್ನು ಸವರಿದ, ಅಲ್ಲೂ ಜಿನುಗಿರಲಿಲ್ಲ. ಅದರ ಗಾಳಿ ಬಿಡುವ ನಿಪ್ಪಲ್ ಸಡಿಲಿಸಿದರೆ ಒಂದು ಗುಳ್ಳೆಯೂ ಬರಲಿಲ್ಲ. ಸೋರಿಕೆಯಿಲ್ಲ, ಗಾಳಿಯಿಲ್ಲ. ಹಾಗಿದ್ದರೆ ರೋಗ ಒಳಗಿದೆ.

ಪೆಡಲ್ ಹಿಂದಿನ ಮಾಸ್ಟರ್ ಸಿಲಿಂಡರ್ ಬಿಚ್ಚಿ ಅಂಗೈಗೆ ಕೊಡವಿದ. ಒಳಗಿನ ರಬ್ಬರ್ ಸುಲಭಕ್ಕೆ ಬರಲಿಲ್ಲ. ಕಡ್ಡಿಯಿಂದ ಮೀಟಿ ಎಳೆದಾಗ ಕೊಳೆತ ನೇರಳೆ ಹಣ್ಣಿನಂತೆ ಉಬ್ಬಿ, ಅಂಚು ಹರಿದು, ಕರಿ ಲೋಳೆಯೊಡನೆ ಜಾರಿ ಬಂತು. ಬೆರಳಿಗೆ ಮಸಿ ಹತ್ತಿತು. ಮೂಗಿನ ಹತ್ತಿರ ತಂದ. ಸುಟ್ಟ ಎಂಜಿನ್ ಆಯಿಲಿನ ವಾಸನೆ. ಬ್ರೇಕ್ ಆಯಿಲ್ ಹೀಗೆ ನಾರುವುದಿಲ್ಲ. ಮಲೆಬೆನ್ನೂರಿನ ಟ್ಯಾಕ್ಸಿಯೊಂದರಲ್ಲೂ ಈಚೆಗೆ ಹೀಗೇ ಆಗಿತ್ತು. ಆಗ ರಬ್ಬರೇ ಡೂಪ್ಲಿಕೇಟ್ ಇರಬೇಕೆಂದು ಬೈದುಕೊಂಡು ಸುಮ್ಮನಾಗಿದ್ದ. ಗೂಡಿನಲ್ಲಿ ಅರ್ಧ ಉಳಿದ ಬ್ರೇಕ್ ಆಯಿಲ್ ಬಾಟಲಿಯನ್ನು ಈಗ ಮುಚ್ಚಳ ತೆಗೆದು ಮೂಸಿದ. ಅದೇ ವಾಸನೆ. ಬಾಟಲಿಯ ಮೇಲೆ ಹೆಸರಾಂತ ಕಂಪನಿಯ ಚೀಟಿ. ತಂದದ್ದು ಹರಿಹರದಿಂದ, ಹೆಂಡತಿಯ ತಂದೆ ಉಜ್ಜನಪ್ಪನವರ ಅಂಗಡಿಯಿಂದ.

"ಗಾಡಿ ಇಲ್ಲೇ ಇರ್ಲಿ ಚಾಂದ್ ಭಾಯ್. ಮುಟ್ಬ್ಯಾಡ್ರಿ," ಎಂದಷ್ಟೇ ಹೇಳಿ, ಬಾಟಲಿಯನ್ನು ಚೀಲಕ್ಕೆ ಹಾಕಿಕೊಂಡು ಬಸ್ಸು ಹತ್ತಿದ.

ಉಜ್ಜನಪ್ಪನವರು ಅಂಗಡಿಯ ಗಲ್ಲೆಯಿಂದಲೇ ಎದ್ದು ಬಂದರು. ಹಣೆಯ ತುಂಬ ವಿಭೂತಿ, ಇಸ್ತ್ರಿ ಮಾಡಿದ ಬಿಳಿ ಅಂಗಿ. "ಬರ್ರಿ ಅಳಿಯಂದ್ರೆ, ಬರ್ರಿ. ಹೊತ್ತಿಗೆ ಸರಿಯಾಗಿ ಬಂದ್ರಿ. ಕೈಕಾಲು ತೊಳ್ಕಳ್ರಿ, ಊಟಕ್ಕೆ ಕೂಡಾಣ."

ಅಂಗಡಿಯ ಹಿಂದೆಯೇ ಮನೆ. ಕೈ ತೊಳೆಯಲು ಹಿತ್ತಿಲಿಗೆ ಹೋದ ಬಕ್ಕೇಶ್ ಬಾಗಿಲಲ್ಲೇ ನಿಂತ. ಎಂದೂ ತೆರೆದು ಕಂಡಿರದ ಕೊಟ್ಟಿಗೆಯ ಬಾಗಿಲು ಇವತ್ತು ತೆರೆದಿತ್ತು. ಒಳಗೆ ನೀಲಿ ಡ್ರಮ್ಮು. ಗೋಡೆಯುದ್ದಕ್ಕೂ ತೊಳೆದು ಬೋರಲು ಹಾಕಿದ ಖಾಲಿ ಬಾಟಲಿಗಳು. ಅತ್ತೆ ಕಸ್ತೂರಮ್ಮ ಸೀರೆ ಎತ್ತಿ ಕಟ್ಟಿ ಕುಕ್ಕುರುಗಾಲಲ್ಲಿ ಕೂತು, ಹಳೇ ಪಂಚೆಯ ತುಂಡಿನಲ್ಲಿ, ಗಾಡಿಗಳಿಂದ ಇಳಿಸಿದ ಕರಿ ಎಣ್ಣೆ ಸೋಸುತ್ತಿದ್ದರು. ಬಟ್ಟೆಯ ಗಂಟನ್ನು ಕೆಚ್ಚಲು ಹಿಂಡಿದಂತೆ ಹಿಂಡಿದರು. ಅಳಿಯನನ್ನು ಕಂಡದ್ದೇ ನಾಚಿ ಎದ್ದು, ಕೈಯನ್ನು ಸೆರಗಿಗೆ ಒರೆಸಿಕೊಂಡರು.

"ಅಯ್ಯ, ಬಂದ್ರೇನು? ಕೂಡ್ರಿ ಕೂಡ್ರಿ, ಬಿಸಿ ರೊಟ್ಟಿ ಹಾಕ್ತೀನಿ."

ಅದೇ ಕೈಗೆ ಒಂದು ಚೊಂಬು ನೀರು ಸುರುವಿಕೊಂಡು ಅವರು ಒಲೆಯ ಮುಂದೆ ಹೋಗಿ ಕೂತರು.

ತಾಟಿನಲ್ಲಿ ಜೋಳದ ರೊಟ್ಟಿ, ಬದನೆಕಾಯಿ ಎಣ್ಣೆಗಾಯಿ. ಬದನೆಕಾಯಿಯ ಸುತ್ತ ಎಣ್ಣೆ ನಿಂತು ಮಿನುಗುತ್ತಿತ್ತು. ರೊಟ್ಟಿಯ ಅಂಚಿನಲ್ಲಿ ಅತ್ತೆಯ ಬೆರಳು ಒತ್ತಿದ ಗುರುತಿತ್ತು. ಬಕ್ಕೇಶ್ ಒಂದು ತುಣುಕು ಮುರಿದ, ಬಾಯಿಗೆ ಒಯ್ಯಲಾಗಲಿಲ್ಲ. ಎದುರಿಗೆ ಮಾವ ಬದನೆಕಾಯಿಯ ತೊಟ್ಟು ಚೀಪುತ್ತ, ಮಠದ ದಾಸೋಹಕ್ಕೆ ಈ ಸಲ ಅಕ್ಕಿ ಕಳಿಸಿದ ಸಂಗತಿ ಹೇಳುತ್ತಿದ್ದರು. ಬಕ್ಕೇಶ್ ಚೀಲದಿಂದ ಬಾಟಲಿ ತೆಗೆದು, ತನ್ನ ನೀರಿನ ಲೋಟಕ್ಕೆ ಒಂದಿಷ್ಟು ಸುರಿದ. ಒಳ್ಳೆಯ ಬ್ರೇಕ್ ಆಯಿಲ್ ನೀರಲ್ಲಿ ಬೆರೆತು ಹೋಗಬೇಕು. ಇದು ಮೇಲೆ ತೇಲಿ, ನವಿಲುಗರಿಯ ಬಣ್ಣದಲ್ಲಿ ಹರಡಿಕೊಂಡಿತು.

"ಶಿವ ಶಿವಾ! ಉಣ್ಣೋ ತಾಟಿನ ಮುಂದ ಇದೇನ್ ಹೇಸಿಗೆ ಅಳಿಯಂದ್ರೆ!" ಉಜ್ಜನಪ್ಪನವರು ಮುಖ ಕಿವುಚಿ, ಎಡಗೈಯ ಎರಡೇ ಬೆರಳಲ್ಲಿ ಲೋಟವನ್ನು ಹಿಡಿದು ಆಚೆ ಸರಿಸಿದರು.

"ನಿಮ್ ಅಂಗಡೀದೇ ಮಾವ. ರಬ್ಬರ್‌ನ ತಿಂದ್ ಹಾಕೈತೆ."

"ಎಲ್ಲಾ ಹಳೇದಲ್ಲ. ಅರ್ಧಕ್ಕರ್ಧ ಒಳ್ಳೇದೇ ಬೆರೆಸ್ತೀನಿ. ಎಲ್ಲಾ ಊರಾಗೂ ನಡೀತೈತೆ ಇದು. ಕ್ಲಚ್ಚಿಗೆ ಏನಾಗ್ತೈತೆ, ಬಿಡ್ರಿ."

"ಇದೇ ಬಾಟ್ಲಿ ಬ್ರೇಕಿಗೂ ಹಾಕೀನಿ."

"ಬ್ರೇಕ್ ಹೋತೇನು?"

"ಇನ್ನೂ ಹೋಗಿಲ್ಲ."

"ಮತ್ತೆ?"

"ಕ್ಲಚ್ ಹೋದ್ರೆ ಗಾಡಿ ನಿಂತ್ಕಂತೈತೆ ಮಾವ. ಬ್ರೇಕ್ ಹೋದ್ರೆ ನಿಲ್ಲಂಗಿಲ್ಲ. ಒಳಗ ಸ್ಕೂಲ್ ಹುಡುಗ್ರು ಕೂತಿರ್ತಾವೆ."

ಉಜ್ಜನಪ್ಪನವರು ಬಾಯಲ್ಲಿದ್ದದ್ದನ್ನು ಅಗಿದು ನುಂಗಿದರು. ಆಮೇಲೆ ಮೃದುವಾಗಿ ಹೇಳಿದರು: "ಎಷ್ಟು ಬೇಕೋ ಅಷ್ಟು ರಬ್ಬರ್ ಕಿಟ್ ತಗಂಡ್ ಹೋಗ್ರಿ. ಬದಲಾಯಿಸಿ ಕೊಟ್ಬಿಡ್ರಿ, ಮಾತು ಬ್ಯಾಡ. ನಿಮ್ ಗ್ಯಾರೇಜಿನ ಶೆಡ್ ಹಾಕಿಸ್ಕೊಟ್ಟೋನು ನಾನು. ಮಗಳು ಅಲ್ಲಿ ಬಾಳ್ವೆ ಮಾಡ್ತಾಳೆ. ನನ್ ಹೆಸರು ಕೆಟ್ರೆ ನಿಮ್ಮದೇನು ಉಳೀತೈತೆ? ಉಣ್ರಿ, ರೊಟ್ಟಿ ಆರ್ತೈತೆ."

ಬಕ್ಕೇಶ್ ಎದ್ದ. "ತಾಟಿನ ಮುಂದ್ಲಿಂದ ಏಳಬಾರ್ದ್ರಿ," ಎಂದು ಕಸ್ತೂರಮ್ಮ ಒಲೆಯ ಮುಂದಿನಿಂದ ಕೂಗಿದ್ದು ಬೀದಿಗೆ ಬಂದರೂ ಕೇಳಿಸಿತು. ಸಿಕ್ಕ ಬಸ್ಸು ಹತ್ತಿ ಊರಿಗೆ ಮರಳಿದ.

ಗ್ಯಾರೇಜಿನ ಹಿಂದೆಯೇ ಅವನ ಎರಡು ಕೋಣೆಯ ಮನೆ. ವಾಣಿ ಮೊರದಲ್ಲಿ ಅಕ್ಕಿ ಆರಿಸುತ್ತಿದ್ದಳು. ಬಕ್ಕೇಶ್ ನಿಂತುಕೊಂಡೇ ಎಲ್ಲವನ್ನೂ ಹೇಳಿದ. ಅವಳ ಬೆರಳು ಮಾತ್ರ ನಿಲ್ಲಲಿಲ್ಲ.

"ಇನ್ನೂ ಬಿಟ್ಟಿಲ್ಲೇನು ಅಪ್ಪ?" ಎಂದಳು.

ಅವನಿಗೆ ಅರ್ಥವಾಗಲು ಒಂದು ಗಳಿಗೆ ಬೇಕಾಯಿತು. "ನಿಂಗೆ ಗೊತ್ತಿತ್ತಾ?"

"ಸಾಲಿ ಬಿಡಿಸಿದ್ಮ್ಯಾಲೆ ನಾನೇ ಬಾಟ್ಲಿ ತೊಳೀತಿದ್ದೆ. ಗಂಜಿ ಹಚ್ಚಿ ಚೀಟಿ ಅಂಟಿಸ್ತಿದ್ದೆ. ನೀವು ನನ್ನ ನೋಡಾಕ ಬಂದಾಗ, ಇನ್ಮ್ಯಾಲೆ ಮೆಕ್ಯಾನಿಕ್ ಅಳಿಯ ಬರ್ತಾನ, ಬಿಡ್ತೀನಿ ಅಂದಿದ್ದ ಅಪ್ಪ. ಬಿಟ್ಟಾನ ಅನ್ಕಂಡಿದ್ದೆ."

"ಅಪ್ಪನ್ನ ಒಂದ್ ಮಾತು ಕೇಳಬೌದಿತ್ತಲ್ಲ ನೀನು. ಅವ್ರು ಆ ಆಯಿಲ್ ನನ್ ಕೈಲೇ ಹಾಕ್ಸಿದ್ರು."

ವಾಣಿ ಮೊರವನ್ನು ಕೆಳಗಿಟ್ಟಳು. ಒಳಗೆ ಹೋಗಿ ನೀರು ತಂದು ಹಿಡಿದಳು. ಬಕ್ಕೇಶ್ ಅವಳ ಬೆರಳುಗಳನ್ನು ನೋಡಿದ, ಲೋಟ ಮುಟ್ಟಲಿಲ್ಲ. ಮುಟ್ಟಲಾರದ ತನ್ನ ಮೇಲೂ ಅವನಿಗೆ ಅಸಹ್ಯವಾಯಿತು. ತಿರುಗಿ ಗ್ಯಾರೇಜಿಗೆ ಬಂದು, ಸುಮೋಗೆ ಜಾಕಿ ಕೊಟ್ಟು ಹಿಂದಿನ ಗಾಲಿ ಕಳಚಿದ.

ಚಾಂದ್ ಪಾಷಾ ಎರಡು ಚಹಾ ಹಿಡಿದು ಬಂದಾಗ ಬಕ್ಕೇಶನ ಅಂಗೈಯಲ್ಲಿ ಬ್ರೇಕಿನ ರಬ್ಬರಿತ್ತು. ಅದೂ ಉಬ್ಬಿತ್ತು; ಅಂಚಿನಲ್ಲಿ ಸೀಳು ಆಗಲೇ ಶುರುವಾಗಿತ್ತು.

"ಇದು ಬ್ರೇಕಿಂದು," ಎಂದ ಬಕ್ಕೇಶ್. "ಆಯಿಲ್ ಕೆಟ್ಟದ್ದು ಚಾಂದ್ ಭಾಯ್. ನಮ್ ಮಾವನ ಅಂಗಡೀದು. ಹಾಕಿದ್ದು ನಾನು."

ಚಾಂದ್ ಪಾಷಾ ಎರಡೂ ಲೋಟಗಳನ್ನು ಒಂದೇ ಕೈಗೆ ತಂದುಕೊಂಡು, ಆ ರಬ್ಬರನ್ನು ತೆಗೆದುಕೊಂಡು ಹಿಸುಕಿ ನೋಡಿದ. ಕರಿ ನೀರು ಅವನ ಮಣಿಕಟ್ಟಿಗೆ ಇಳಿಯಿತು. "ನನ್ ಮಗಳು ನೂರೀನ್ ಮುಂದಿನ ಸೀಟ್ನಾಗೆ ಕೂಡ್ತಾಳೆ, ದಿನಾ," ಎಂದ. ಬೈಯಲಿಲ್ಲ. ಕೈಯಲ್ಲಿದ್ದ ಎರಡು ಲೋಟದ ಚಹಾವನ್ನೂ ನೆಲಕ್ಕೆ ಚೆಲ್ಲಿದ. "ಪ್ಯಾಟ್ಯಾಗ ಎಲ್ರಿಗೂ ಹೇಳ್ತೀನಿ, ನೋಡು."

"ಹೇಳ್ರಿ. ಮಲೆಬೆನ್ನೂರಿಗೆ ನಾನೇ ಹೋಗಿ ಹೇಳ್ತೀನಿ."

ಹೋಗುವಾಗ ಚಾಂದ್ ಪಾಷಾ, "ಈ ಕೆಲ್ಸ ಮಾಡಿ ಮುಗಿಸು. ಆಮ್ಯಾಲೆ ನನ್ ಗಾಡಿ ಇಲ್ಲಿಗೆ ಬರಲ್ಲ," ಎಂದ.

ಮರುದಿನ ಬಕ್ಕೇಶ್ ಮಲೆಬೆನ್ನೂರಿಗೆ ಹೋಗಿ ಟ್ಯಾಕ್ಸಿಯವನ ಬೈಗುಳ ಕೇಳಿಸಿಕೊಂಡು, ತಾನು ಸರಿಮಾಡಿ ಕೊಡುವ ತನಕ ಗಾಡಿ ಓಡಿಸಬೇಡವೆಂದು ಕೈಮುಗಿದು ಬಂದ. ಬೇರೆ ಅಂಗಡಿಯಿಂದ ಹೊಸ ಆಯಿಲ್ ತಂದು, ನೀರಿಗೆ ಹಾಕಿ ನೋಡಿದ, ಬೆರೆಯಿತು. ಸುಮೋದ ಕೊಳವೆಗಳನ್ನೆಲ್ಲ ಸ್ಪಿರಿಟ್ಟಿನಲ್ಲಿ ತೊಳೆದು, ರಬ್ಬರುಗಳನ್ನೆಲ್ಲ ಬದಲಾಯಿಸಿದ. ಕೊನೆಗೆ ಆಯಿಲ್ ಕೊಳವೆಗಳೊಳಗಿನ ಗಾಳಿ ತೆಗೆಯಬೇಕು. ಅದಕ್ಕೆ ಮೇಲೆ ಪೆಡಲ್ ಒತ್ತಲು ಇನ್ನೊಬ್ಬರು ಬೇಕು. ದಿನವೂ ಕರೆದರೆ ಬರುತ್ತಿದ್ದ ಪಕ್ಕದ ವೆಲ್ಡಿಂಗ್ ಅಂಗಡಿಯ ಮಸ್ತಾನಸಾಬ್ ಈ ಕಡೆ ನೋಡಲೇ ಇಲ್ಲ. ಸುದ್ದಿ ಆಗಲೇ ತಲುಪಿತ್ತು.

ವಾಣಿ ಹಿತ್ತಿಲ ಬಾಗಿಲಿನಿಂದ ಬಂದಳು. ಏನನ್ನೂ ಕೇಳದೆ ಚಪ್ಪಲಿ ಬಿಟ್ಟು, ಸೀರೆ ಎತ್ತಿ ಹಿಡಿದು, ಡ್ರೈವರ್ ಸೀಟಿಗೆ ಹತ್ತಿ ಕೂತಳು. ಬಕ್ಕೇಶ್ ಅವಳ ಮುಖ ನೋಡದೆ ಗಾಡಿಯ ಅಡಿಗೆ ಸರಿದ.

"ಒತ್ತು," ಎಂದ. "ಹಿಡ್ಕ... ಬಿಡು."

ಕ್ಲಚ್ಚು ಮುಗಿಯಿತು. ಬ್ರೇಕಿಗೆ ಬಂದರು. ಒಂದೊಂದು ಗಾಲಿಯಲ್ಲೂ ಮೊದಲು ಅಳಿದುಳಿದ ಮಸಿ ಬಂತು, ಆಮೇಲೆ ಗುಳ್ಳೆ, ಆಮೇಲೆ ಜೇನಿನಂಥ ತಿಳಿ ಬಣ್ಣ. ಕೊನೆಯ ಗಾಲಿಗೆ ಬಂದಾಗ ಹೊತ್ತು ಇಳಿದಿತ್ತು. "ಹಿಡ್ಕ," ಎಂದು ನಿಪ್ಪಲ್ ಸಡಿಲಿಸಿದ. ಸಣ್ಣ ಕೊಳವೆಯೊಳಗೆ ತಿಳಿಯಾದ ಎಳೆಯೊಂದು ಕಡಿಯದೆ ಇಳಿದು ಬಂತು. ನಿಪ್ಪಲ್ ಬಿಗಿ ಮಾಡಿ, ಬಟ್ಟೆಯಿಂದ ಒರೆಸಿ, ಮತ್ತೊಮ್ಮೆ ಒರೆಸಿದ. ಬಿಡು ಎನ್ನಲು ಮರೆತಿದ್ದ.

ಈಚೆಗೆ ಸರಿದು ಎದ್ದು ನೋಡಿದರೆ, ವಾಣಿ ಎರಡೂ ಕೈಯಲ್ಲಿ ಸ್ಟಿಯರಿಂಗ್ ಹಿಡಿದು ಎದುರಿನ ಗೋಡೆಯನ್ನೇ ನೋಡುತ್ತಿದ್ದಳು. ಬಿಡು ಎಂಬ ಮಾತಿಗೆ ಕಾಯುತ್ತ, ಅವಳ ಕಾಲು ಪೆಡಲನ್ನು ಇನ್ನೂ ಒತ್ತಿ ಹಿಡಿದೇ ಇತ್ತು.