ಚಾದರ ಹಿಡಿಯುತ್ತಿದ್ದವನು

ನುಸಿಗುಳಿಗೆಯ ವಾಸನೆ ಮೂಗಿಗೆ ಬಡಿದರೆ ಮನೆಗೆ ಯಾರೋ ಬರುತ್ತಿದ್ದಾರೆಂದು ಅರ್ಥ. ಚಿಕ್ಕಂದಿನಲ್ಲಿ ಅವನು ತಿಳಿದುಕೊಂಡಿದ್ದು ಹಾಗೆ. ನೆಂಟರು ಬರುವ ದಿನ ಅಮ್ಮ ಕಬ್ಬಿಣದ ಟ್ರಂಕಿನ ಮುಚ್ಚಳ ಎತ್ತಿ, ಬಿಳಿ ಚಾದರವನ್ನು ಹೊರತೆಗೆದು ಎರಡು ಸಲ ಝಾಡಿಸುತ್ತಿದ್ದಳು. ಆ ವಾಸನೆ ಹೊಸ್ತಿಲು ದಾಟಿ ಬೀದಿಗೂ ಬರುತ್ತಿತ್ತು. ಅವನು ಆಟ ಬಿಟ್ಟು ಓಡಿ ಬರುತ್ತಿದ್ದ.

ಈಗ ಅವನಿಗೆ ಐವತ್ತೇಳು. ಅಮ್ಮ ಹೋಗಿ ಬಹಳ ಕಾಲವಾಯಿತು. ಮದುವೆಯ ಮಾತು ಒಂದೆರಡು ಸಲ ಬಂದು, ಬಂದಷ್ಟೇ ಸದ್ದಿಲ್ಲದೆ ಹೋಯಿತು. ನೆಂಟರೂ ಬರುವುದು ನಿಲ್ಲಿಸಿದರು. ಚಾದರ ಮಾತ್ರ ಆಗಾಗ ಟ್ರಂಕಿನಿಂದ ಹೊರಗೆ ಬರುತ್ತಿತ್ತು, ಅದೂ ಫೋಟೋ ತೆಗೆಯುವುದಕ್ಕೆ.

ಊರಿನ ಡೈರಿಯಲ್ಲಿ ಹಾಲು ಅಳೆಯುವುದು ಅವನ ಕೆಲಸ. ಬೆಳಿಗ್ಗೆ ಒಂದು ಸರದಿ, ಸಂಜೆ ಒಂದು ಸರದಿ. ಕ್ಯಾನು ಕೈಯಲ್ಲಿ ಎತ್ತಿದ ಕೂಡಲೇ ಒಳಗೆ ಎಷ್ಟಿದೆ ಎಂದು ಹೇಳಿಬಿಡುತ್ತಿದ್ದ; ಅಳತೆಪಾತ್ರೆ ಆಮೇಲೆ ಹೌದೆನ್ನುತ್ತಿತ್ತು. ಅದಕ್ಕೇ ಊರವರೆಲ್ಲ ಅವನನ್ನು ಲೀಟರ್ ಅನ್ನುತ್ತಿದ್ದರು. ಎರಡು ಸರದಿಗಳ ನಡುವಿನ ಹೊತ್ತು ಕ್ಯಾಮರಾದ್ದು. ಪಟ್ಟಣದಲ್ಲಿ ಸ್ಟುಡಿಯೋ ಮುಚ್ಚಿದವನೊಬ್ಬನಿಂದ ಕೊಂಡ ಆ ಹಳೇ ಕ್ಯಾಮರಾ ಬಿಟ್ಟರೆ ಊರಲ್ಲಿ ಇನ್ನೊಂದಿರಲಿಲ್ಲ. ಅವನಿಗೆ ಇಷ್ಟವಾಗುತ್ತಿದ್ದದ್ದು ಕೊಟ್ಟಿಗೆಯ ಬಾಗಿಲಿಗೆ ಬಿದ್ದ ಬಿಸಿಲು, ಹಗ್ಗ ಹೊಸೆಯುವ ಕೈ, ಇಂಥವು. ಜನಕ್ಕೆ ಬೇಕಾದದ್ದು ಮುಖ. ಅರ್ಜಿಗೊಂದು, ಶಾಲೆಗೊಂದು, ಸಂಬಂಧ ಕುದುರಿಸಲಿಕ್ಕೊಂದು. ಇಲ್ಲವೆನ್ನಲು ಅವನಿಗೆ ಬಾಯಿ ಬರುತ್ತಿರಲಿಲ್ಲ.

ಡೈರಿಯ ಗೋಡೆಯ ತುಂಬ ಗೀರು, ಕಲೆ. ಆದ್ದರಿಂದ ಅಂಗಳದಲ್ಲಿ ಸ್ಟೂಲು ಹಾಕಿ, ಕೂತವರ ಹಿಂದೆ ಬಿಳಿ ಚಾದರ ಹಿಡಿಯಬೇಕಿತ್ತು. ಹಿಡಿಯುತ್ತಿದ್ದವನು ಅವನ ಸ್ನೇಹಿತ, ಊರಿನ ಬಡಗಿ. ಆಳು ಎತ್ತರ, ಕೈ ಇನ್ನೂ ಉದ್ದ. ಎರಡೂ ಮೂಲೆ ಹಿಡಿದು ಕೈ ಮೇಲೆತ್ತಿ ನಿಂತನೆಂದರೆ ಆಳು ಮಾಯ, ಮಾತು ಮಾತ್ರ ಕೇಳುತ್ತಿತ್ತು. ಚಾದರದ ಹಿಂದಿನಿಂದ ಏನಾದರೊಂದು ಪಿಸುಗುಟ್ಟಿ ಕೂತವರನ್ನು ನಗಿಸುವುದು, ಇವನು ರೇಗುವುದು, ನಡೆದೇ ಇತ್ತು.

ಭಾನುವಾರ ಮಧ್ಯಾಹ್ನ ಬಡಗಿ ನಾಲ್ಕು ಡಬ್ಬಿಯ ಕ್ಯಾರಿಯರ್ ಹಿಡಿದು ಬರುತ್ತಿದ್ದ. "ನಮ್ಮನೆಯವಳಿಗೆ ಅಳತೆ ಅನ್ನೋದೇ ತಿಳಿಯಲ್ಲ ಕಣೋ ಲೀಟರೂ," ಅನ್ನುತ್ತಿದ್ದ. "ಒಬ್ಬನಿಗೆ ಕಟ್ಟು ಅಂದ್ರೆ ಇಬ್ಬರಿಗೆ ಕಟ್ತಾಳೆ. ಉಳಿಸ್ಕೊಂಡು ಹೋದ್ರೆ ನನಗೆ ಬೈಗುಳ. ನೀನೂ ಒಂದು ಕೈ ಹಚ್ಚು." ಸ್ನೇಹಿತನ ಮಾನ ಉಳಿಸುವವನ ಹಾಗೆ ಇವನು ತಟ್ಟೆ ತರುತ್ತಿದ್ದ.

ಎಲ್ಲರೂ ಫೋಟೋ ಇರುವ ಗುರುತಿನ ಚೀಟಿ ಮಾಡಿಸಬೇಕೆಂದು ಕಚೇರಿಯಿಂದ ಹುಕುಂ ಬಂದ ವರ್ಷ ಊರಿಗೆ ಊರೇ ಡೈರಿಯ ಅಂಗಳಕ್ಕೆ ಬಂತು. ಒಂದು ರೀಲಿಗೆ ಮೂವತ್ತಾರು ಫೋಟೋ. ಎರಡು ದಿನ, ಎರಡು ರೀಲು. ಚಾದರ ಹಿಡಿದವನ ಸರದಿ ಕೊನೆಗೆ ತಾನೇ? ಅವನ ಸರದಿ ಬರುವಷ್ಟರಲ್ಲಿ ರೀಲು ಮುಗಿದಿತ್ತು.

"ನಾನೇನು ಓಡಿಹೋಗ್ತೀನಾ? ಮುಂದಿನ ರೀಲಲ್ಲಿ ತೆಗಿ," ಅಂದ ಬಡಗಿ.

ಮುಂದಿನ ರೀಲಿನಲ್ಲೂ ಅವನು ಕೊನೆಯವನೇ ಆದ. ಅದರ ಮುಂದಿನದರಲ್ಲೂ. ಅವನ ಚೀಟಿ ಆಗಲೇ ಇಲ್ಲ, ಅವನು ಕೇಳಲೂ ಇಲ್ಲ. ಈ ವರ್ಷ ಚಳಿಗಾಲದಲ್ಲಿ ಒಂದು ದಿನ ಬಾಗಿಲಿನ ಹಲಗೆಗೆ ಕೀಸುಳಿ ಹೊಡೆಯುತ್ತಿದ್ದವನು ಎದೆ ಹಿಡಿದುಕೊಂಡು ಕೂತ. ಮತ್ತೆ ಏಳಲಿಲ್ಲ.

ಆಮೇಲೆ ಲೀಟರ್‌ಗೆ ಟ್ರಂಕಿನ ಮುಚ್ಚಳ ತೆಗೆಯುವ ಕೆಲಸವಿರಲಿಲ್ಲ. ಫೋಟೋ ಕೇಳಿದವರಿಗೆ ರೀಲಿಲ್ಲ ಅಂದ. ಭಾನುವಾರಗಳಂದು ಬ್ರೆಡ್ಡು ಹಾಲಿನಲ್ಲಿ ಅದ್ದಿಕೊಂಡು ತಿಂದ.

ಎರಡು ತಿಂಗಳ ಮೇಲೆ ಒಂದು ಬೆಳಿಗ್ಗೆ ಬಡಗಿಯ ಹೆಂಡತಿ ಹಾಲು ಹಾಕಿದ ಮೇಲೂ ನಿಂತಿದ್ದಳು. ಸಾಲು ಖಾಲಿಯಾದ ಮೇಲೆ ಹತ್ತಿರ ಬಂದಳು.

"ಅಣ್ಣಾ, ಅವರದೊಂದು ಫೋಟೋ ಬೇಕಿತ್ತು. ನಿನ್ನೆ ಅವರ ಮುಖ ನೆನೆಸ್ಕೊಳ್ಳೋಕೆ ಹೋದೆ. ಮೂಗಿನ ತನಕ ಬಂತು, ಬಾಯಿ ಬರಲೇ ಇಲ್ಲ. ಹೆದರಿಕೆ ಆಯ್ತು. ನಿಮ್ಮ ಹತ್ರ ಇದ್ದೇ ಇರುತ್ತಲ್ಲ."

ಊರಿನ ಎಲ್ಲರ ಮುಖವೂ ಅವನ ಹತ್ತಿರವಿತ್ತು. ಇದ್ದ ಒಬ್ಬ ಸ್ನೇಹಿತನದು ಇರಲಿಲ್ಲ. ಅದನ್ನು ಅವಳೆದುರು ಹೇಗೆ ಹೇಳುವುದು?

"ಇರುತ್ತಮ್ಮ. ಭಾನುವಾರ ಬಾ," ಅಂದುಬಿಟ್ಟ.

ಹನ್ನೊಂದು ಬಿಸ್ಕತ್ತಿನ ಡಬ್ಬಿಗಳಲ್ಲಿ ನೆಗೆಟಿವ್‌ಗಳಿದ್ದವು. ನಾಲ್ಕು ದಿನ ಸರದಿಗಳ ನಡುವೆ ಕಿಟಕಿಯ ಬಳಿ ಕೂತು, ಒಂದೊಂದನ್ನೇ ಬೆಳಕಿಗೆ ಹಿಡಿದು, ಭೂತಗನ್ನಡಿಯಲ್ಲಿ ನೋಡಿದ. ಗಾಳಿಗೆ ಚಾದರ ಹಾರಿ ಕೆಟ್ಟುಹೋದ ಫೋಟೋ ಒಂದಿತ್ತು. ಭೂತಗನ್ನಡಿಯನ್ನು ಇನ್ನಷ್ಟು ಹತ್ತಿರ ಹಿಡಿದ. ಆದರೆ ಆ ಗಳಿಗೆಯಲ್ಲಿ ಬಡಗಿ ಮುಖ ತಿರುಗಿಸಿದ್ದ. ಸಿಕ್ಕಿದ್ದು ಒಂದು ಕಿವಿ.

ಬೆರಳುಗಳು ಮಾತ್ರ ಎಲ್ಲದರಲ್ಲೂ ಇದ್ದವು. ಎಡಕ್ಕೆ ನಾಲ್ಕು, ಬಲಕ್ಕೆ ನಾಲ್ಕು, ಚಾದರದ ಅಂಚಿನ ಮೇಲೆ. ಅಚ್ಚು ಹಾಕಿದ ಮೇಲೆ ಮುಖವಷ್ಟನ್ನೇ ಉಳಿಸಿ ಅಂಚುಗಳನ್ನೆಲ್ಲ ಕತ್ತರಿಸುವುದು ಅವನ ರೂಢಿ. ಇಷ್ಟು ವರ್ಷ ಕಸದ ಬುಟ್ಟಿಗೆ ಹೋದದ್ದೇನೆಂದು ಅವನು ನೋಡಿರಲಿಲ್ಲ.

ರೀಲಿಗೆ ನೀರು ಬಿತ್ತು ಅಂದುಬಿಡಲೇ? ಅವಳು ನಂಬುತ್ತಾಳೆ. ಸುಳ್ಳಿನ ಮಾತುಗಳನ್ನು ಬಾಯಲ್ಲಿ ಹೊಂದಿಸಿಕೊಳ್ಳುತ್ತಲೇ ಕೊನೆಯ ಡಬ್ಬಿ ತೆಗೆದ. ಗುರುತಿನ ಚೀಟಿಯ ರೀಲುಗಳು ಅದರಲ್ಲಿದ್ದವು. ಹತ್ತೊಂಬತ್ತನೆಯ ಫೋಟೋ ಬಡಗಿಯ ಹೆಂಡತಿಯದು. ಅದನ್ನು ನೋಡುತ್ತ ಬಹಳ ಹೊತ್ತು ಕೂತ. ಆಮೇಲೆ ಎದ್ದು, ಅಚ್ಚು ಹಾಕಲು ಕೋಣೆ ಕತ್ತಲಾಗಲೆಂದು ಕಿಟಕಿಗೆ ಕಂಬಳಿ ಹೊದಿಸಿದ.

ಭಾನುವಾರ ಅವಳು ಬಂದಳು. ಕೈಯಲ್ಲಿದ್ದ ಬಟ್ಟೆಯ ಚೀಲವನ್ನು ಹೊಸ್ತಿಲ ಬದಿಗಿಟ್ಟು ಒಳಗೆ ಕೂತಳು. ಅವನು ನಿಂತೇ ಇದ್ದ.

"ನಾನು ಅವತ್ತು ಸುಳ್ಳು ಹೇಳಿದೆನಮ್ಮ. ಅವನ ಮುಖ ನನ್ನ ಹತ್ರ ಇಲ್ಲ. ಯಾವಾಗ ನೋಡಿದರೂ ಮುಂದಿನ ರೀಲು, ಮುಂದಿನ ರೀಲು ಅಂದೆ. ತಪ್ಪು ನಂದು."

ಅವನು ಅಂಚು ಕತ್ತರಿಸದ ಆ ಫೋಟೋವನ್ನು ಅವಳ ಮಡಿಲಲ್ಲಿಟ್ಟ.

ಸ್ಟೂಲಿನ ಮೇಲೆ ಅವಳು, ತುಟಿ ಕಚ್ಚಿ ನಗು ತಡೆಯುತ್ತಿದ್ದಾಳೆ. ಹಿಂದೆ ಬಿಳಿ ಚಾದರ. ಅವಳ ತಲೆಯ ಮೇಲೆ, ಆ ಕಡೆಗೊಂದು ಈ ಕಡೆಗೊಂದು, ಎತ್ತಿ ಹಿಡಿದ ಎರಡು ಕೈ. ಬಲಗೈಯ ತೋರುಬೆರಳಿನಲ್ಲಿ ಉಳಿ ತಗುಲಿ ಸೀಳಿದ ಉಗುರು. ಕೆಳಗೆ, ಸ್ಟೂಲಿನ ಕಾಲುಗಳ ಹಿಂದೆ, ಹಳೇ ಚಪ್ಪಲಿಯ ಎರಡು ಪಾದ.

ಅವಳು ಆ ಉಗುರಿನ ಮೇಲೆ ಬೆರಳಿಟ್ಟಳು. ಹೊರಗೆ ಯಾರದೋ ಸೈಕಲ್ಲು ಹಾದು ಹೋಯಿತು.

"ಅವತ್ತು ನಗಬೇಡ ಅಂತ ನೀವು ರೇಗಿದ್ರಿ," ಅಂದಳು ಕೊನೆಗೆ.

"ಅವನೇನೋ ಪಿಸುಗುಟ್ಟಿದ್ದ. ಏನಂದ?"

"ಲೀಟರ್ ಅಂಗಿ ಉಲ್ಟಾ ಹಾಕ್ಕೊಂಡಿದಾನೆ ನೋಡು. ಯಾರೂ ಹೇಳಬೇಡಿ, ಪಾಪ, ನಾಚ್ಕೊಂಡು ಮನೆಗೆ ಹೋಗ್ಬಿಡ್ತಾನೆ, ಅಂದ್ರು. ಸಾಲಲ್ಲಿದ್ದೋರಿಗೆಲ್ಲ ಹಾಗೇ ಹೇಳಿದ್ರು."

ಅವನು ತನ್ನ ಅಂಗಿಯ ಕಡೆ ನೋಡಿಕೊಂಡ. ಅವಳು ನಕ್ಕಳು, ಫೋಟೋದಲ್ಲಿ ತಡೆದುಕೊಂಡಿದ್ದ ಅದೇ ನಗು. ನಗುತ್ತ ಕಣ್ಣು ಒರೆಸಿಕೊಂಡಳು.

"ಬಂತು," ಅಂದಳು ಮೆಲ್ಲಗೆ. "ಬಾಯಿ ಬಂತು ಅಣ್ಣ. ಹಾಗೆ ಹೇಳೋವಾಗ ಹೇಗೆ ಸೊಟ್ಟ ಮಾಡ್ತಿದ್ರು ಅಂತ."

ಫೋಟೋವನ್ನು ಕಾಗದದಲ್ಲಿ ಸುತ್ತಿ ಎದೆಗೊತ್ತಿಕೊಂಡು ಎದ್ದಳು. ಹೊಸ್ತಿಲ ಬಳಿ ಬಾಗಿ, ಚೀಲದಿಂದ ಕ್ಯಾರಿಯರ್ ತೆಗೆದು ಅವನ ಕೈಗೆ ಕೊಟ್ಟಳು. ನಾಲ್ಕು ಡಬ್ಬಿಗಳ ಬದಲು ಎರಡೇ ಇದ್ದವು, ಇನ್ನೂ ಬಿಸಿಯಾಗಿದ್ದವು. ಅವನ ಕೈ ತಾನಾಗಿಯೇ ತೂಗಿ ನೋಡಿತು. ಅಳತೆ ತಿಳಿಯಲ್ಲ ಎಂದು ಬಡಗಿ ಅನ್ನುತ್ತಿದ್ದ ಕೈ ಕಟ್ಟಿದ್ದು ಸರಿಯಾಗಿ ಒಬ್ಬರ ಊಟ, ಒಂದು ತುತ್ತು ಹೆಚ್ಚಿಲ್ಲ, ಒಂದು ತುತ್ತು ಕಡಿಮೆಯಿಲ್ಲ.