ಒಂದು ಕರಿ ಗೋಲಿ

ಮತದ ಪೆಟ್ಟಿಗೆಯನ್ನು ಮಗುಚಿದಾಗ ಬಿಳಿ ಗೋಲಿಗಳ ನಡುವಿನಿಂದ ಒಂದು ಕರಿ ಗೋಲಿ ಉರುಳಿ ಬಂದು, ಮೇಜಿನ ಅಂಚಿನ ತನಕ ಹೋಗಿ, ಯಾರದೋ ಕಾಫಿ ಕಪ್ಪಿಗೆ ತಾಗಿ ನಿಂತಿತು. ಆರಿನ್ ಹೌಗನ್ ಅದನ್ನೇ ನೋಡುತ್ತ ನಿಂತ. ಬಳಗದ ಅಧ್ಯಕ್ಷ ಅವನು. ಫಲಿತಾಂಶವನ್ನು ಬಾಯಿಬಿಟ್ಟು ಹೇಳಬೇಕಾದವನೂ ಅವನೇ. ಬಿಳಿ ಗೋಲಿ ಒಪ್ಪಿಗೆಗೆ, ಕರಿ ಗೋಲಿ ವಿರೋಧಕ್ಕೆ; ಒಂದೇ ಒಂದು ಕರಿ ಗೋಲಿ ಬಂದರೂ ನಿರ್ಣಯ ಬಿದ್ದುಹೋದಂತೆ ಎಂಬುದು ಬಳಗ ಹುಟ್ಟಿದಾಗಿನಿಂದ ನಡೆದುಬಂದ ಕಟ್ಟಳೆ.

"ನಿರ್ಣಯ ಬಿತ್ತು," ಎಂದ. ಅವನ ದನಿ ಅವನಿಗೇ ಬೇರೆ ಯಾರದೋ ಎನ್ನಿಸಿತು.

ಯಾರೂ ಏಳಲಿಲ್ಲ. ಕಿಟಕಿಯ ಪಕ್ಕ ಕುಳಿತಿದ್ದ ವಾಲ್ಟ್ ಪ್ರೂಸ್, ಎಲ್ಲದಕ್ಕೂ ಒಂದು ತಮಾಷೆ ಇಟ್ಟುಕೊಂಡಿರುತ್ತಿದ್ದವನು, ಆರಿನ್‌ನನ್ನೇ ದಿಟ್ಟಿಸುತ್ತಿದ್ದ. ಉಳಿದವರೂ ಹಾಗೆಯೇ. ಬಾಗಿಲ ಬಳಿಯ ಕುರ್ಚಿಯಲ್ಲಿ ಎಲಿಸ್ ಮೇಬ್ರಿ ಕಾಲ ಮೇಲೆ ಕಾಲು ಹಾಕಿಕೊಂಡು, ತನ್ನ ಬೂಟಿನ ದಾರವನ್ನು ಬಿಚ್ಚಿ ಮತ್ತೆ ಕಟ್ಟುತ್ತಿದ್ದ. ಅಲ್ಲಿದ್ದವರಲ್ಲಿ ಕಪ್ಪು ಜನಾಂಗದವನು ಅವನೊಬ್ಬನೇ. ಅವನನ್ನು ಬಿಟ್ಟುಕೊಡುವ ಬದಲು ಬಳಗಕ್ಕೆ ಮಾನ್ಯತೆ ಕೊಟ್ಟ ಸನ್ನದನ್ನೇ ಹಿಂದಿರುಗಿಸಿಬಿಡೋಣ ಎಂಬುದು ಈಗ ಬಿದ್ದುಹೋದ ನಿರ್ಣಯ.

ಥೀಟಾ ರೋ ಮ್ಯೂ ಎಂಬ ಆ ವಿದ್ಯಾರ್ಥಿ ಬಳಗ ವೆಂಡಲ್ ಫಾಲ್ಸ್ ಊರಿನಲ್ಲಿ ಶುರುವಾದದ್ದು ಆರಿನ್‌ನ ಮುತ್ತಜ್ಜನ ಕಾಲದಲ್ಲಿ. ಕಾಲೇಜಿನ ವಸತಿಗೃಹ ಸುಟ್ಟುಹೋದ ಚಳಿಗಾಲ ಕೆಲವು ಹುಡುಗರು ಒಂದು ಶವಪೆಟ್ಟಿಗೆ ಅಂಗಡಿಯ ಅಟ್ಟದ ಮೇಲೆ ಮಲಗುತ್ತಿದ್ದರಂತೆ. ಕೆಳಗೆ ಬಡಗಿ ಪೆಟ್ಟಿಗೆಗೆ ಮೊಳೆ ಹೊಡೆಯುತ್ತಿದ್ದರೆ ಮೇಲೆ ಇವರು ಹಾಡುತ್ತಿದ್ದರು. ಆ ಹಾಡೇ ಬಳಗದ ಹಾಡಾಯಿತು. ಆಮೇಲೆ ದೊಡ್ಡ ಸಂಘವೊಂದು ಅವರಿಗೆ ಸನ್ನದು ಕೊಟ್ಟು, ತನ್ನ ಹೆಸರನ್ನೂ ಗುಟ್ಟಿನ ಆಚರಣೆಗಳನ್ನೂ ಕೊಟ್ಟು, ತನ್ನ ಶಾಖೆ ಮಾಡಿಕೊಂಡಿತು. ನದಿಯ ದಂಡೆಯ ಮೇಲೆ ಅಗಲವಾದ ಜಗಲಿಯ ಮನೆ ಎದ್ದಿತು. ಸೇರಿದವನು ಸಾಯುವ ತನಕ ಅಣ್ಣತಮ್ಮ. ಎದೆಯ ಮೇಲೆ ಚುಚ್ಚಿಕೊಳ್ಳುವ ಬಳಗದ ಪಿನ್ನನ್ನು ಹುಡುಗಿಗೆ ಕೊಟ್ಟರೆ ಮದುವೆಯ ಮಾತು ಆದಂತೆ. ಆರಿನ್‌ನ ಅಪ್ಪ ಅವನ ಅಮ್ಮನಿಗೆ ಪಿನ್ ಕೊಟ್ಟದ್ದು ಅದೇ ಜಗಲಿಯ ಮೇಲೆ.

ಬಿಳಿಯರಲ್ಲದವರನ್ನು ಸೇರಿಸಿಕೊಳ್ಳಬಾರದು ಎಂಬ ನಿಯಮ ದೊಡ್ಡ ಸಂಘದ ಪುಸ್ತಕದಲ್ಲಿ ಎಲ್ಲೋ ಇತ್ತು. ಅದನ್ನು ಓದಿದವರು ಯಾರೂ ಇರಲಿಲ್ಲ, ಓದುವ ಸಂದರ್ಭವೂ ಬಂದಿರಲಿಲ್ಲ. ಎಲಿಸ್ ಮಿಲ್ವಾಕಿಯವನು, ಗಣಿತ ಓದುತ್ತಿದ್ದ, ಟ್ರೋಂಬೋನ್ ನುಡಿಸುತ್ತಿದ್ದ. ಶುಕ್ರವಾರದ ಕರಿದ ಮೀನಿನ ಊಟಕ್ಕೆ ವಾಲ್ಟ್ ಅವನನ್ನು ಒಮ್ಮೆ ಕರೆತಂದ. ಅವನು ಊಟ ಮಾಡಿ, ಇಸ್ಪೀಟಿನಲ್ಲಿ ಎಲ್ಲರನ್ನೂ ಸೋಲಿಸಿ, ಬೇಸ್‌ಬಾಲಿನ ಬಗ್ಗೆ ಜಗಳವಾಡಿ ಹೋದ. ಮುಂದಿನ ಶುಕ್ರವಾರ ಮತ್ತೆ ಬಂದ. ಹೀಗೆ ಬರುತ್ತ ಬರುತ್ತ, ಅವನು ಬಳಗದವನಲ್ಲ ಎಂಬುದೇ ಎಲ್ಲರಿಗೂ ಮರೆತುಹೋಯಿತು. ಹೆಸರನ್ನು ಕೇಂದ್ರ ಕಚೇರಿಗೆ ಕಳಿಸಿದರು, ಒಪ್ಪಿಗೆ ಬಂತು, ದೀಕ್ಷೆಯೂ ಆಯಿತು. ಹೆಸರಿಗೆ ಬಣ್ಣವಿರಲಿಲ್ಲವಲ್ಲ. ಆಮೇಲೆ ಹಾಡಿನ ಸ್ಪರ್ಧೆಯಲ್ಲಿ ಬಳಗದವರು ಗೆದ್ದ ಚಿತ್ರ ಪತ್ರಿಕೆಯಲ್ಲಿ ಬಂತು. ಮುಂದಿನ ಸಾಲಿನಲ್ಲಿ, ಎಲ್ಲರಿಗಿಂತ ದೊಡ್ಡದಾಗಿ ಬಾಯಿ ತೆರೆದು ಹಾಡುತ್ತಿದ್ದವನು ಎಲಿಸ್.

ವಾರ ಕಳೆಯುವುದರೊಳಗೆ ಕೇಂದ್ರ ಕಚೇರಿಯಿಂದ ಸ್ಟ್ರೌಡ್ ಎಂಬ ದೊಡ್ಡ ಮನುಷ್ಯ ಬಂದಿಳಿದ. ಒಳ್ಳೆಯ ಮಾತುಗಾರ. ಎಲ್ಲರ ಹೆಸರು ಕೇಳಿ ನೆನಪಿಟ್ಟುಕೊಂಡ, ಎಲಿಸ್‌ನ ಹೆಸರೊಂದನ್ನು ಬಿಟ್ಟು. ಆ ನೀಗ್ರೋ ಹುಡುಗ ಒಳ್ಳೆಯವನೇ ಇರಬಹುದು, ಇಲ್ಲೇ ಊಟ ಮಾಡಲಿ, ಇಲ್ಲೇ ಮಲಗಲಿ, ಯಾರು ಬೇಡವೆಂದರು ಎಂದ. ಸದಸ್ಯತ್ವ ಮಾತ್ರ ತಾನಾಗಿಯೇ ಬಿಟ್ಟರೆ ಎಲ್ಲರ ಮರ್ಯಾದೆಯೂ ಉಳಿಯುತ್ತದೆ. ಇಲ್ಲದಿದ್ದರೆ ಸೋಮವಾರ ಸನ್ನದು ವಾಪಸು. ಈ ಮಾತುಗಳನ್ನೆಲ್ಲ ಅವನು ಆರಿನ್‌ಗೆ ಹೇಳಿದ. ಎಲಿಸ್ ಪಕ್ಕದ ಕೋಣೆಯಲ್ಲೇ ಇದ್ದ.

ಸ್ಟ್ರೌಡ್‌ನ ಜೊತೆಯಲ್ಲಿ ಆರಿನ್‌ನ ಅಪ್ಪ ಗೆರ್ಹಾರ್ಡ್ ಕೂಡ ಬಂದಿದ್ದ. ಪಕ್ಕದ ಊರಿನಲ್ಲಿ ಹಲ್ಲಿನ ವೈದ್ಯ. ಸಾಲದ್ದಕ್ಕೆ ಹಳೆಯ ಸದಸ್ಯರ ಮುಂದಾಳು.

ಸಭೆ ಚದುರಿದ ಮೇಲೆ ಆರಿನ್‌ಗೆ ಒಂದು ಕಡೆ ನಿಲ್ಲಲಾಗಲಿಲ್ಲ. ಮಹಡಿ ಹತ್ತಿದ, ಇಳಿದ. ಪುಸ್ತಕ ತೆರೆದ, ಮುಚ್ಚಿದ. ಮೆಟ್ಟಿಲ ಮೇಲೆ ಮಾತಾಡುತ್ತಿದ್ದ ಇಬ್ಬರು ಅವನನ್ನು ಕಂಡು ಸುಮ್ಮನಾದರು. ಅಪ್ಪನ ಮಾತು ಕೇಳಿ ಕರಿ ಗೋಲಿ ಹಾಕಿದ್ದಾನೆ ಎಂದು ಎಲ್ಲರೂ ತಿಳಿದಿದ್ದಾರೆ. ಅಲ್ಲ ಎಂದು ಕೂಗಿ ಹೇಳಬಹುದಿತ್ತು. ಆದರೆ ಪೆಟ್ಟಿಗೆಯ ಪಕ್ಕದ ಖಾನೆಯಿಂದ ಗೋಲಿ ಆರಿಸಲು ಕೈ ಹಾಕಿದಾಗ ಅವನು ಮೊದಲು ಹಿಡಿದದ್ದು ಕರಿ ಗೋಲಿಯನ್ನೇ. ಬೆರಳ ನಡುವೆ ಅದನ್ನು ಹಾಗೇ ಇಟ್ಟುಕೊಂಡು ನಿಂತಿದ್ದ. ಹಿಂದೆ ನಿಂತವನು ಕೆಮ್ಮಿದ ಮೇಲೆ ಬಿಟ್ಟು ಬಿಳಿಯದನ್ನು ತೆಗೆದುಕೊಂಡಿದ್ದ. ಇದು ಯಾರಿಗೂ ಗೊತ್ತಿಲ್ಲ. ಆದರೂ ತನ್ನ ಮುಖದಲ್ಲಿ ಅದು ಕಾಣುತ್ತಿದೆಯೇನೋ ಎಂಬ ಕಳವಳ ಅವನನ್ನು ಕೂರಲು ಬಿಡಲಿಲ್ಲ.

ಅಪ್ಪ ನಡುಮನೆಯ ಗೋಡೆಯ ಮುಂದೆ ಸಿಕ್ಕಿದ. ಅಲ್ಲಿ ಯುದ್ಧದಲ್ಲಿ ಸತ್ತ ಬಳಗದವರ ಹೆಸರುಗಳನ್ನು ಒಂದೊಂದು ಹಿತ್ತಾಳೆ ಫಲಕದಲ್ಲಿ ಕೆತ್ತಿ ಹಾಕಿದ್ದರು. ಅಪ್ಪನ ತಮ್ಮ ನಿಲ್ಸ್‌ನದೂ ಇತ್ತು. ಅವನ ಹಡಗು ಮುಳುಗಿದ್ದು ಪೆಸಿಫಿಕ್ ಸಾಗರದಲ್ಲಿ, ದೇಹ ಸಿಕ್ಕಿರಲಿಲ್ಲ.

"ಇದು ಒಂದೇ ಗೋಡೆ ಕಣಪ್ಪಾ ಅವನಿಗೆ ಇರೋದು," ಎಂದ ಗೆರ್ಹಾರ್ಡ್. ಸಿಟ್ಟಿರಲಿಲ್ಲ. "ಸಮಾಧಿ ಇಲ್ಲ, ಕಲ್ಲಿಲ್ಲ. ನಿಮ್ಮಜ್ಜಿ ಬದುಕಿರೋ ತನಕ ಇಲ್ಲಿಗೆ ಬಂದು ಇದನ್ನ ಕರ್ಚೀಫಲ್ಲಿ ಒರೆಸಿ ಹೋಗ್ತಿದ್ಲು. ಈ ಮನೆ ಮುಚ್ಚಿದ್ರೆ ನಾನೆಲ್ಲಿಗೆ ಹೋಗ್ಲಿ?"

"ಮನೆ ಮುಚ್ತೀವಿ ಅಂತ ಯಾರು ಹೇಳಿದ್ರು ಅಪ್ಪ?"

"ಹೆಸರು ಹೋದ ಮೇಲೆ ಮನೆ ಎಷ್ಟು ದಿನ ನಿಲ್ಲುತ್ತೆ? ನಿನಗಿನ್ನೂ ಗೊತ್ತಾಗಲ್ಲ." ಸ್ವಲ್ಪ ತಡೆದು, "ಆ ಕರಿ ಗೋಲಿ ಹಾಕಿದವನು ಯಾರೇ ಆಗ್ಲಿ, ಅವನಿಗೆ ತಲೆ ಇದೆ," ಎಂದ. ಮಗನ ಭುಜ ಮುಟ್ಟಿ ಆಚೆ ಹೋದ. ಆ ಮುಟ್ಟಿದ ಜಾಗ ಆರಿನ್‌ಗೆ ಬಹಳ ಹೊತ್ತು ಭಾರವಾಗಿಯೇ ಇತ್ತು.

ಅಡುಗೆಮನೆಯಲ್ಲಿ ಎಲಿಸ್ ಮಧ್ಯಾಹ್ನದ ತಟ್ಟೆಗಳನ್ನು ತೊಳೆಯುತ್ತಿದ್ದ. ಆ ಭಾನುವಾರ ಅವನ ಸರದಿ. ಆರಿನ್ ಬಟ್ಟೆ ತೆಗೆದುಕೊಂಡು ಪಕ್ಕದಲ್ಲಿ ನಿಂತು ಒರೆಸತೊಡಗಿದ. ಏನಾದರೂ ಹೇಳಬೇಕಿತ್ತು. ಹಾಕಿದವನನ್ನು ಪತ್ತೆ ಮಾಡೇ ಮಾಡುತ್ತೇನೆ ಎಂದ.

"ಪತ್ತೆ ಮಾಡೋದೇನು ಬಂತು," ಎಂದ ಎಲಿಸ್, ಕೈ ನೀರಿನಿಂದ ತೆಗೆಯದೆ. "ನಾನೇ ಹಾಕಿದ್ದು."

ಆರಿನ್‌ನ ಕೈಯಲ್ಲಿದ್ದ ತಟ್ಟೆ ಕೈಯಲ್ಲೇ ಉಳಿಯಿತು.

"ಕರಿ ಗೋಲಿ ಹಾಕಿದ್ದು ಕರಿಯನೇ ಅಂತ ನಿಮ್ಮಲ್ಲಿ ಒಬ್ಬನಿಗೂ ಹೊಳೀಲಿಲ್ಲ ನೋಡು. ಓದಿದ ಜನ."

"ಯಾಕೋ ಹಾಗ್ ಮಾಡಿದೆ? ನಿನ್ನ ಪರವಾಗಿ ತಾನೇ ನಾವೆಲ್ಲ..."

"ಅದೇ. ಅದಕ್ಕೇ." ಎಲಿಸ್ ಈಗ ತಿರುಗಿ ನಿಂತ. ಮೊಣಕೈ ತನಕ ಸೋಪಿನ ನೊರೆ. "ಒಬ್ಬೊಬ್ರೂ ಎದ್ದು ಹೋಗಿ ಪೆಟ್ಟಿಗೆಗೆ ಕೈ ಹಾಕಿದ್ರಿ, ವಾಪಸ್ ಬರ್ತಾ ನನ್ನ ಮುಖ ನೋಡಿದ್ರಿ. ಆಸ್ಪತ್ರೇಲಿ ಮಲಗಿದವನಿಗೆ ಹಣ್ಣು ಕೊಟ್ಟು ಹೋಗೋರ ಥರ. ನಿರ್ಣಯ ಗೆದ್ರೆ ನಾಳೆ ಈ ಮನೆ ಮುಚ್ಚುತ್ತೆ. ಆಮೇಲೆ ನಾನು ಸಾಯೋ ತನಕ, ಎಲ್ಲಿ ಸಿಕ್ಕಿದ್ರೂ, 'ಎಲಿಸ್‌ಗೋಸ್ಕರ ನಾವು ಮನೆ ಕಳ್ಕೊಂಡ್ವಿ' ಅಂತ ನೀವು ಹೇಳ್ತಿರಬೇಕು, ನಾನು ತಲೆ ತಗ್ಗಿಸಿ ಕೇಳ್ತಿರಬೇಕು. ನಂಗೆ ಬೇಡಪ್ಪ ಆ ಉಪಕಾರ. ನಾನು ಇಲ್ಲಿಗೆ ಬಂದಿದ್ದು ಇಸ್ಪೀಟ್ ಆಡೋಕೆ."

ಆರಿನ್‌ಗೆ ಸಿಟ್ಟು ಬಂತು. ಯಾರ ಮೇಲೆ ಎಂದು ಗೊತ್ತಾಗಲಿಲ್ಲ. ನಿನಗೋಸ್ಕರ ಎಂದು ಯಾರು ಹೇಳಿದರು ಎಂದು ಕೇಳಿದ. ಆ ಸ್ಟ್ರೌಡ್ ಬಂದು ಹೊಲಸು ಕೆಲಸ ಮಾಡು ಎಂದದ್ದು ನನಗೆ, ನಿನಗಲ್ಲ. ಕೈ ಗಲೀಜಾಗುವುದು ನನ್ನದು ಎಂದ.

"ಹಾಗಿದ್ರೆ ಆ ಮಾತನ್ನ ಅಲ್ಲಿ ಹೇಳ್ಬೇಕಿತ್ತು," ಎಂದ ಎಲಿಸ್. "ಸಭೇಲಿ ನನ್ನ ಗುಣಗಾನ ಮಾಡಿದ್ರಿ. ಒಳ್ಳೇ ಹುಡುಗ, ಚೆನ್ನಾಗಿ ಓದ್ತಾನೆ, ಪಾಪ. ನಿಮ್ಮ ಬಗ್ಗೆ ಒಬ್ಬನೂ ಒಂದು ಮಾತು ಆಡ್ಲಿಲ್ಲ." ಅವನು ಮತ್ತೆ ನೀರಿಗೆ ಕೈ ಹಾಕಿದ. "ಸರಿಯಾಗಿ ಒರೆಸೋ. ತಟ್ಟೆ ಹಿಂದೆ ಇನ್ನೂ ನೀರಿದೆ."

ಕತ್ತಲಾಗುವ ಮೊದಲೇ ಆರಿನ್ ಎಲ್ಲರನ್ನೂ ಮತ್ತೆ ಕೂಡಿಸಿದ. ಒಮ್ಮೆ ಬಿದ್ದ ನಿರ್ಣಯವನ್ನು ಅದೇ ದಿನ ಎತ್ತುವ ಹಾಗಿಲ್ಲ ಎಂದು ಯಾರೋ ಗೊಣಗಿದರು. ಸಂಘ ಬಿಟ್ಟು ಹೋಗುವುದೇ ಆದ ಮೇಲೆ ನಿಯಮವೆಂಥದು ಎಂದ ವಾಲ್ಟ್. ಆರಿನ್ ಕರಿ ಗೋಲಿ ಯಾರದೆಂದು ಹೇಳಲಿಲ್ಲ. ತನ್ನದನ್ನು ಹೇಳಿದ.

"ಮೊದಲು ನನ್ನ ಕೈಗೆ ಬಂದಿದ್ದು ಕರಿ ಗೋಲಿ. ಬೇಕು ಅಂತಾನೇ ಹಿಡ್ಕೊಂಡೆ. ನಮ್ಮ ಚಿಕ್ಕಪ್ಪನ ಹೆಸರು ಆ ಗೋಡೆ ಮೇಲಿದೆ. ಅಪ್ಪನ್ನ ಕಂಡ್ರೆ ನಂಗೆ ಭಯಾನೂ ಇದೆ, ಪ್ರೀತೀನೂ ಇದೆ. ಮನೆ ಉಳೀಲಿ, ಎಲಿಸ್ ಹೇಗಿದ್ರೂ ಗಟ್ಟಿ ಮನುಷ್ಯ, ಸಹಿಸ್ಕೋತಾನೆ ಅಂದ್ಕೊಂಡೆ." ಅವನ ಕಿವಿ ಕೆಂಪಾಗಿತ್ತು. "ಎಲಿಸ್‌ನ ಪಕ್ಕಕ್ಕಿಡಿ. ಅವನು ಇವತ್ತು ರಾಜೀನಾಮೆ ಕೊಟ್ಟು ಹೋದ ಅಂತಾನೇ ಇಟ್ಕೊಳ್ಳಿ. ನಾಳೆ ಬೆಳಿಗ್ಗೆ ಆ ಪಿನ್ನು ಚುಚ್ಕೊಂಡು ನಾನು ತರಗತಿಗೆ ಹೋಗ್ತೀನಾ ಇಲ್ವಾ? ನಂಗೆ ಆಗಲ್ಲ. ನಾನು ಕೇಳ್ತಿರೋದು ಅಷ್ಟೇ."

ಎಲ್ಲರೂ ಒಟ್ಟಿಗೇ ಮಾತಿಗಿಳಿದರು, ಒಬ್ಬರ ಮೇಲೊಬ್ಬರು ಬಿದ್ದು. ಇಡೀ ಚಳಿಗಾಲ ಒಂದೇ ಮೇಜಿನಲ್ಲಿ ಉಂಡವರು ಮೊದಲ ಸಲ ನಿಜವಾಗಿ ಜಗಳವಾಡಿದರು. ಒಬ್ಬ, ನನಗೆ ಪಿನ್ನು ಬೇಕು, ನಾಚಿಕೆಯೇನಿಲ್ಲ ಎಂದ. ಇನ್ನೊಬ್ಬ ಎಲಿಸ್‌ನ ಕಡೆ ತಿರುಗಿ, ನೀನು ಬರದೇ ಇದ್ದಿದ್ದರೆ ಚೆನ್ನಾಗಿತ್ತು ಎಂದುಬಿಟ್ಟ. "ಇವತ್ತು ನನ್ನ ಮುಖ ನೋಡಿ ಮಾತಾಡಿದವನು ನೀನೊಬ್ಬನೇ," ಎಂದ ಎಲಿಸ್, ಮತ್ತು ಯಾಕೋ ನಕ್ಕ. ಆ ಇಬ್ಬರೂ ಕೋಟು ತೊಟ್ಟು, ಬಳಗ ಬಿಟ್ಟೆವೆಂದು ಹೇಳಿ ಆಚೆ ನಡೆದರು. ವಾಲ್ಟ್ ತನಗೆ ತುಂಬ ಹೆದರಿಕೆಯಾಗಿದೆ ಎಂದ. ಯಾರೋ ನಗಲು ಹೋಗಿ, ಅವನ ಮುಖ ನೋಡಿ ಬಾಯಿ ಮುಚ್ಚಿಕೊಂಡರು.

ಪೆಟ್ಟಿಗೆಯ ಬಳಿಗೆ ಮತ್ತೆ ಒಬ್ಬೊಬ್ಬರಾಗಿ ಹೋದರು. ಈ ಸಲ ಹಿಂದಿರುಗುವಾಗ ಯಾರೂ ಎಲಿಸ್‌ನ ಮುಖ ನೋಡಲಿಲ್ಲ. ನೆಲ ನೋಡುತ್ತ ಬಂದು ಕುಳಿತರು. ಕೊನೆಗೆ ಹೋದವನು ಎಲಿಸ್. ಮಗುಚಿದಾಗ ಬಂದದ್ದೆಲ್ಲ ಬಿಳಿ.

ಮಾರನೆಯ ಬೆಳಿಗ್ಗೆ ಸ್ಟ್ರೌಡ್ ಬಂದು ಸನ್ನದಿನ ಚೌಕಟ್ಟನ್ನು ಗೋಡೆಯಿಂದ ಇಳಿಸಿದ. ಆಚರಣೆಯ ನಿಲುವಂಗಿಗಳು, ಮೇಣದಬತ್ತಿಯ ಕಂಬಗಳು, ಗೋಲಿ ಪೆಟ್ಟಿಗೆ ಎಲ್ಲವೂ ಅವನ ಕಾರಿನ ಹಿಂದಕ್ಕೆ ಹೋದವು. ಹಿತ್ತಾಳೆ ಫಲಕಗಳ ಮೇಲೂ ಬಳಗದ ಲಾಂಛನವಿದೆ, ಅವೂ ಸಂಘದ್ದೇ ಎಂದು ಅವನು ಮುಂದೆ ಬಂದಾಗ ಗೆರ್ಹಾರ್ಡ್ ಅಡ್ಡ ನಿಂತ. ತಿರುಪುಳಿಯನ್ನು ಅವನು ಮನೆಯಿಂದಲೇ ತಂದಿದ್ದ. ಹಲ್ಲು ಕೀಳುವವನ ಕೈ, ಒಂದೊಂದಾಗಿ ನಾಲ್ಕೂ ತಿರುಪು ಬಿಚ್ಚಿ, ತಮ್ಮನ ಫಲಕವನ್ನು ಕೋಟಿನೊಳಗೆ ಸೇರಿಸಿಕೊಂಡಿತು.

"ಉಳಿದವರದ್ದನ್ನ ಅವರವರ ಮನೆಗೆ ಮುಟ್ಟಿಸು," ಎಂದು ಮಗನಿಗೆ ಹೇಳಿದ. ಅದಾದ ಮೇಲೆ ಒಂದು ವರ್ಷಕ್ಕೂ ಮೀರಿ ಅವನು ಮಗನೊಂದಿಗೆ ಮಾತಾಡಲಿಲ್ಲ.

ಹಳೆಯ ಸದಸ್ಯರು ಕೈಬಿಟ್ಟರು. ಹುಡುಗರು ಹೊಸದೊಂದು ಹೆಸರಿಟ್ಟುಕೊಂಡು ಕೆಲವು ವರ್ಷ ನಡೆಸಿದರು. ವರ್ಷ ವರ್ಷ ಸೇರುವವರು ಕಡಿಮೆಯಾದರು. ಒಂದು ಶರತ್ಕಾಲದಲ್ಲಿ ಮೇಜಿನ ಸುತ್ತ ಐದಾರು ಜನ ಉಳಿದಾಗ ಬಾಗಿಲು ಹಾಕಿದರು. ಕಾಲೇಜು ಆ ಮನೆಯನ್ನು ಕೊಂಡು ಕೆಡವಿತು. ದೊಡ್ಡ ಸಂಘ ಆಮೇಲೆ ಆ ನಿಯಮವನ್ನು ಸದ್ದಿಲ್ಲದೆ ತೆಗೆದುಹಾಕಿತು; ವೆಂಡಲ್ ಫಾಲ್ಸಿಗೆ ಯಾರೂ ಅದನ್ನು ತಿಳಿಸಲಿಲ್ಲ. ನಿಲ್ಸ್‌ನ ಫಲಕ ಅವನ ಅಣ್ಣನ ದವಾಖಾನೆಯಲ್ಲಿ, ಮೀನಿನ ತೊಟ್ಟಿಯ ಮೇಲಿನ ಗೋಡೆಯಲ್ಲಿ ಬಹಳ ಕಾಲ ಇತ್ತು. ಹಲ್ಲುನೋವಿನವರು ಅದನ್ನು ಓದುತ್ತ ಕೂರುತ್ತಿದ್ದರು.

ಇವೆಲ್ಲ ಆಮೇಲಿನ ಮಾತು. ಆ ಸೋಮವಾರ ಸ್ಟ್ರೌಡ್‌ನ ಕಾರು ಹೋದ ಮೇಲೆ ಹುಡುಗರು ನಡುಮನೆಯಲ್ಲಿ ಅಲ್ಲಲ್ಲಿ ನಿಂತಿದ್ದರು. ತರಗತಿಗೆ ಹೊತ್ತಾಗಿತ್ತು, ಯಾರೂ ಹೊರಟಿರಲಿಲ್ಲ. ಅಷ್ಟರಲ್ಲಿ ಮೆಟ್ಟಿಲ ಕೆಳಗಿನ ಫೋನು ಹೊಡೆದುಕೊಳ್ಳತೊಡಗಿತು. ಎತ್ತಿದವನು ಮೊದಲು ಬಳಗದ ಹೆಸರು ಹೇಳಬೇಕು, ಆಮೇಲೆ ತನ್ನದು, ಹಾಗೆಯೇ ರೂಢಿ. ಫೋನು ಹೊಡೆದುಕೊಳ್ಳುತ್ತಲೇ ಇತ್ತು. ವಾಲ್ಟ್ ಒಂದು ಹೆಜ್ಜೆ ಇಟ್ಟು ನಿಂತ. ಆರಿನ್ ಕೈಯನ್ನು ಜೇಬಿನೊಳಕ್ಕೆ ಹಾಕಿದ, ತೆಗೆದ.

ಎಲಿಸ್ ಹೋಗಿ ಎತ್ತಿದ. "ಹಲೋ," ಎಂದ. ಆ ಕಡೆಯವರು ಇದು ಯಾವ ಬಳಗದ ಮನೆ ಎಂದು ಕೇಳಿರಬೇಕು. "ಒಂದ್ನಿಮಿಷ ತಾಳಿ," ಎಂದು, ರಿಸೀವರಿನ ಮೇಲೆ ಅಂಗೈ ಮುಚ್ಚಿ, ಅವನು ಅವರೆಲ್ಲರ ಕಡೆ ತಿರುಗಿದ.