ಗದ್ದದೆತ್ತರದ ಹಲಗೆ

ಸೆಪ್ಟೆಂಬರ್ ಕೊನೆ, ಮಲೇಷ್ಯಾದ ಪೆನಾಂಗಿನಲ್ಲಿ ದಿನಾ ಮಧ್ಯಾಹ್ನ ಮಳೆ ಹಿಡಿಯುವ ಕಾಲ. ಬಯಾನ್ ಲೆಪಾಸಿನ ನಮ್ಮ ಫ್ಲ್ಯಾಟಿನಲ್ಲಿ ಊಟದ ಮೇಜೇ ನನ್ನ ಆಫೀಸು. ಅಲ್ಲಿ ಕೂತು ಕಾರ್ಖಾನೆಯ ಕಂಪ್ಯೂಟರ್ ಚಿಪ್‌ಗಳ ಪರೀಕ್ಷಾ ವರದಿ ನೋಡುತ್ತಿದ್ದೆ. ಎದುರಿಗೆ ಹನ್ನೆರಡು ವರ್ಷದ ಮಗಳು ಇಂಚರ ಆನ್‌ಲೈನ್ ಕ್ಲಾಸಿನಲ್ಲಿದ್ದಳು. ಕೊರೋನಾದ ಎರಡನೇ ವರ್ಷ ಅದು. ಮೇಲಿನ ಮಹಡಿಯ ತ್ರಿವಿಕ್ರಮ ಫೋನು ಮಾಡಿದ. ಜಪಾನಿನಲ್ಲಿದ್ದಾಗ ಹಲಗೆಗೆ ಕಾಲು ಬಿಗಿದು ಹಿಮದ ಮೇಲೆ ಜಾರುವುದು ಕಲಿತವನು, ಈಗ ಮೈಸೂರಿಗೆ ವಾಪಸು ಹೊರಟಿದ್ದ.

"ಸಾರ್, ಮೂರು ಸ್ನೋಬೋರ್ಡ್ ಇವೆ. ಮೈಸೂರಲ್ಲಿ ಏನ್ಮಾಡ್ಲಿ? ಒಂದು ನೀವಿಟ್ಕೊಳಿ. ಇಂಚರಂಗೆ ಹಿಮ ತೋರಿಸ್ತೀನಿ ಅಂದಿದ್ರಲ್ಲ."

ಅಂದಿದ್ದೆ. ಹಿಂದಿನ ವರ್ಷ ಮಾರ್ಚಿಗೆ ಟಿಕೆಟ್ಟೂ ಆಗಿತ್ತು, ಗಡಿ ಮುಚ್ಚಿತು. ಅಂದಿನಿಂದ ನಾನು ಏನು ಮಾಡಿಕೊಡುತ್ತೇನೆಂದರೂ ಮಗಳು "ಸ್ನೋ ಥರಾನಾ?" ಎನ್ನುತ್ತಿದ್ದಳು. ಮನೆಯಲ್ಲಿ ಒಂದು ಹಲಗೆ ಇದ್ದರೆ ನನ್ನ ಮಾತಿಗೆ ಇನ್ನೂ ಉಸಿರಿದೆ ಎಂದು ತೋರಿಸಬಹುದಿತ್ತು.

ನಮ್ಮಪ್ಪ ಮೊದಲ ಸಂತೆಯಲ್ಲಿ ಎತ್ತು ಕೊಂಡವನಲ್ಲ. ಒಂದು ವಾರ ನೋಡುವುದು, ಮರುವಾರ ಹೀಗಳೆಯುವುದು, ಮೂರನೇ ವಾರ ಟವೆಲಿನಡಿ ಬೆರಳು ಹಿಡಿದು ಬೆಲೆ ಕುದುರಿಸುವುದು. ನನಗೆ ಬೇರೆ ವಿದ್ಯೆ ಗೊತ್ತಿರಲಿಲ್ಲ.

ಮೊದಲ ಶನಿವಾರ ಮೇಲೆ ಹೋದಾಗ ತ್ರಿವಿಕ್ರಮ ಮೂರನ್ನೂ ಗೋಡೆಗೆ ಒರಗಿಸಿಟ್ಟಿದ್ದ. "ಇದು ಮೆತ್ತಗಿದೆ, ಗಿರಕಿ ಹೊಡೆಯೋರಿಗೆ," ಎಂದ. "ಈ ಅಗಲದ್ದು ಆಳವಾದ ಹೊಸ ಹಿಮಕ್ಕೆ. ನಡುವಿಂದು ಆಲ್-ಮೌಂಟನ್, ಎಲ್ಲಾ ಗುಡ್ಡಕ್ಕೂ ಆಗತ್ತೆ."

"ಅಂದ್ರೆ ನೇಗಿಲಿಗೂ ಸೈ, ಗಾಡಿಗೂ ಸೈ."

"ಹಾಗೇ ಇಟ್ಕೊಳಿ ಸಾರ್."

ಎರಡನೇ ಶನಿವಾರ ಆ ಆಲ್-ಮೌಂಟನ್ ಹಲಗೆಯ ಬೆನ್ನು ತಟ್ಟಿದೆ, ನಡುವನ್ನು ಒತ್ತಿದೆ, ಅಂಚಿನ ಉಕ್ಕನ್ನು ಹಲ್ಲು ನೋಡುವಂತೆ ನೋಡಿದೆ. ಹಿಂತುದಿಯಲ್ಲೊಂದು ಗೀರು ಕಂಡಿತು. "ಬಾಲದ ಹತ್ರ ಸುಳಿ ಸರಿಯಿಲ್ಲ," ಎಂದೆ.

"ಇದು ಒದೆಯೋದಿಲ್ಲ ಸಾರ್."

ಮೂರನೇ ಶನಿವಾರ ಕೈ ಮೇಲೆ ಟವೆಲು ಹಾಕಿಕೊಂಡು ಮುಂದೆ ಚಾಚಿದೆ. ಅವನು ಹಿಂದೆ ಸರಿದ.

"ಕೊರೋನಾ ಎಸ್‌ಒಪಿ ಸಾರ್, ಒಂದು ಮೀಟರ್ ದೂರ. ಅಲ್ದೆ ನಾನು ದುಡ್ಡೇ ಕೇಳಿಲ್ಲ. ನಾಳೆ ಮನೆ ಖಾಲಿ ಮಾಡ್ತಿದೀನಿ, ಎತ್ತಿ ನಿಲ್ಲಿಸಿ ನೋಡ್ಬಿಡಿ. ಗದ್ದಕ್ಕೂ ಮೂಗಿಗೂ ನಡುವೆ ಬಂದ್ರೆ ಸರಿಯಾದ ಅಳತೆ."

ಟವೆಲಿನಿಂದ ಬೆವರು ಒರೆಸಿಕೊಂಡು ನಿಲ್ಲಿಸಿ ನೋಡಿದೆ. ನನ್ನ ಗದ್ದಕ್ಕೆ ಸರಿಯಾಗಿ ಬಂತು. ಮದುವೆ ದಿಬ್ಬಣದಂತೆ ಅದನ್ನು ಲಿಫ್ಟಿನಲ್ಲಿ ಇಳಿಸಿ ತಂದೆ.

ಮರುದಿನ ಸಂಜೆ ಇಂಚರ ಹಲಗೆಯ ಪಕ್ಕ ನಿಂತಳು. ಅದು ಅವಳ ತಲೆಗಿಂತ ನಾಲ್ಕು ಬೆರಳು ಮೇಲಿತ್ತು.

"ಅಪ್ಪಾ, ಇದು ಯಾರಿಗೆ?"

ಮೂರು ವಾರ ಹಲಗೆಯ ಜಾತಕವನ್ನೆಲ್ಲ ಜಾಲಾಡಿದವನು ಆ ಒಂದು ಪ್ರಶ್ನೆ ಕೇಳಿಕೊಂಡಿರಲಿಲ್ಲ.

ಹೆಂಡತಿ ರತ್ನ ಅಡುಗೆಮನೆಯಿಂದಲೇ ಹೇಳಿದಳು: "ಎತ್ತಿಗೆ ನೊಗ ತಾ ಅಂದ್ರೆ, ನಿಮ್ಮಪ್ಪ ತನ್ನ ಹೆಗಲಿಗೇ ಅಳತೆ ನೋಡ್ಕೊಂಡು ಬಂದಿದಾರೆ."

ಬದಲಾಯಿಸೋಣವೆಂದು ಮೇಲೆ ಓಡಿದೆ. ತ್ರಿವಿಕ್ರಮನ ಬಾಗಿಲಿಗೆ ಬೀಗ ಬಿದ್ದಿತ್ತು. ಕೆಳಗಿಳಿದು ಬಂದಾಗ ಮಗಳು ಹಲಗೆಗೆ ಬೆನ್ನು ತಿರುಗಿಸಿ ಪುಸ್ತಕ ತೆರೆದಿದ್ದಳು. ಬೈದಿದ್ದರೆ ವಾಸಿಯಿತ್ತು.

ಮಳೆ ಆಗಷ್ಟೇ ನಿಂತಿತ್ತು. ಬಟ್ಟೆ ಒಣಹಾಕುವ ಹಗ್ಗ ಬಿಚ್ಚಿ, ಹಲಗೆಯ ಮೇಲೆ ಕಾಲು ಕಟ್ಟುವ ಪಟ್ಟಿಗೆ ಬಿಗಿದು, ಅವಳನ್ನು ಕರೆದುಕೊಂಡು ಕಾರ್‌ಪಾರ್ಕಿನ ಹಿಂದಿನ ಹುಲ್ಲಿನ ಇಳಿಜಾರಿಗೆ ಹೋದೆ. ಊರಿನಲ್ಲಿ ನಾಟಿಗೆ ಮುಂಚೆ ಗದ್ದೆ ಮಟ್ಟ ಮಾಡುವಾಗ, ಭಾರಕ್ಕೆಂದು ಹಲಗೆಯ ಮೇಲೆ ನನ್ನನ್ನು ಕೂರಿಸುತ್ತಿದ್ದರು. ಎತ್ತುಗಳು ಎಳೆಯುತ್ತಿದ್ದವು. ಇಲ್ಲಿ ಎತ್ತಿನ ಕೆಲಸಕ್ಕೆ ನಾನೇ ಸಿಕ್ಕಿದ್ದೆ.

"ಗಟ್ಟಿಯಾಗಿ ಕೂತ್ಕೋ," ಎಂದೆ.

ಮೊದಲ ಸುತ್ತು ಪಟ್ಟಿಗಳನ್ನು ಬಿಗಿಯಾಗಿ ಹಿಡಿದು ಕೂತಿದ್ದಳು. ಎರಡನೆಯದಕ್ಕೆ ಹಲಗೆ ನನ್ನನ್ನೇ ಹಿಂದಿಕ್ಕಿ ಇಳಿಯಿತು. ನಾನು ಹಗ್ಗ ಬಿಡದೆ ಕೆಸರಿನಲ್ಲಿ ಮಕಾಡೆ ಬಿದ್ದು ಅದರ ಹಿಂದೆಯೇ ಜಾರಿದೆ. ಕೆಳಗೆ ನಿಂತಿದ್ದ ಕಾವಲುಗಾರ ಮಾಸ್ಕಿನೊಳಗೇ ನಕ್ಕ. ಇಂಚರ ಹೊಟ್ಟೆ ಹಿಡಿದುಕೊಂಡು ನಕ್ಕಳು.

"ಸ್ನೋ ಸಾಲ ತೀರ್ತಾ?" ಎಂದು ಬಾಯಿಯ ಹುಲ್ಲು ಉಗುಳಿ ಕೇಳಿದೆ.

"ಇನ್ನೂ ಇಲ್ಲ. ಇದು ಬರೀ ಇಂಟರೆಸ್ಟ್," ಎಂದಳು. "ಎಳೀ ಅಪ್ಪಾ."

ಹಗ್ಗವನ್ನು ಹೆಗಲಿಗೆ ಹಾಕಿಕೊಂಡೆ.